ಕರ್ವಾಲೊ ಮೊದಲೋ, ಘಟಶ್ರಾದ್ಧ ಮೊದಲೋ: ಹದಿಹರೆಯದ ಮಕ್ಕಳ ಜೊತೆ ಓದಲು ಕಥೆ ಆರಿಸುವವರಿಗೆ

ಏಪ್ರಿಲ್‌ನಲ್ಲಿ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗನಿಗೆ ಹದಿಮೂರು. ಮೇ ರಜೆಯಲ್ಲಿ ಊರಿಗೆ ಹೋಗಿ ಮುಂಜಿ ಮಾಡಿಸುತ್ತಾರಂತೆ. “ಬರೀ ಫೋಟೋ, ಊಟ ಅಂತ ಆಗಬಾರದು ಟೀಚರ್. ಅದರ ಅರ್ಥ ಅವನಿಗೆ ಸ್ವಲ್ಪ ಇಳಿಯುವ ಹಾಗೆ ಏನಾದರೂ ಓದಿಸಿ” ಎಂದರು. ಅದೇ ವಾರ ಭಾನುವಾರದ ತರಗತಿ ಮುಗಿದು ಮಕ್ಕಳೆಲ್ಲ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಡೊಂಬಿವಿಲಿಯಿಂದ ಬರುವ ಹುಡುಗಿಯೊಬ್ಬಳು ಹಿಂದೆ ಉಳಿದಳು. “ತಮ್ಮನ ಮುಂಜಿ ದಿನ ನಾನು ಮುಟ್ಟಾಗಿದ್ದೆ. ಮೇಲಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ಕೆಳಗೆ ಮಂತ್ರ ಹೇಳುವುದೆಲ್ಲ ಕೇಳುತ್ತಿತ್ತು. ಅವನದ್ದು ಸಂಸ್ಕಾರ ಆದರೆ, ನನ್ನದು ಏನು?”

ಈ ಎರಡು ಮಾತಿಗೂ ಒಂದೇ ಪುಸ್ತಕ ಸಾಲುವುದಿಲ್ಲ. ಮುಂಬಯಿಯ ಮಾಟುಂಗದ ಒಂದು ಮನೆಯ ಹಾಲ್‌ನಲ್ಲಿ ಹನ್ನೆರಡು ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಓದಿಸುತ್ತ ಬಂದ ಅನುಭವದಲ್ಲಿ ನನಗೆ ಖಾತ್ರಿಯಾದದ್ದು ಇಷ್ಟು: ಒಳ್ಳೆಯ ಕಥೆಯನ್ನು ಆರಿಸಿದರೆ ಮುಗಿಯಲಿಲ್ಲ, ಯಾವುದರ ನಂತರ ಯಾವುದು ಎಂಬುದೇ ಹೆಚ್ಚಿನ ವಿಷಯ. ತನ್ನೊಳಗಿನ ಪೂರ್ವಗ್ರಹವನ್ನು ಒಮ್ಮೆಯೂ ಕಣ್ಣಾರೆ ಕಾಣದ ಮಗುವಿಗೆ ಅನ್ಯಾಯದ ಕಥೆ ಓದಿಸಿದರೆ, ಅದು ಬೇರೆಯವರ ಮೇಲೆ ಬೆರಳು ತೋರಿಸುವುದನ್ನು ಮಾತ್ರ ಕಲಿಯುತ್ತದೆ. ಮುಂದೆ ನಾನು ಹೋಲಿಸಿರುವ ಕೃತಿಗಳನ್ನೆಲ್ಲ ಈ ಒಂದು ಅಳತೆಗೋಲಿನಿಂದ ಅಳೆದಿದ್ದೇನೆ.

ಪುಸ್ತಕಗಳಿಗೆ ಹೋಗುವ ಮುಂಚೆ ಒಂದು ಉಪಯುಕ್ತ ಸಂಗತಿ. ಬದುಕಿನ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಆಚರಣೆಗಳನ್ನು ಕುರಿತು ಫ್ರಾನ್ಸಿನ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಒಂದು ಗ್ರಂಥ ಬರೆದ. ಇಂಥ ಆಚರಣೆಗೆ ಮೂರು ಹಂತ ಎಂದು ಅವನು ತೋರಿಸಿದ: ಹಳೆಯ ಜಾಗದಿಂದ ಬೇರ್ಪಡುವುದು, ನಡುವೆ ನಿಲ್ಲುವುದು, ಹೊಸ ಜಾಗಕ್ಕೆ ಸೇರುವುದು. ನಡುವಿನ ಹಂತಕ್ಕೆ ಅವನು ಬಳಸಿದ ಪದ ಲ್ಯಾಟಿನ್ನಿನ ‘ಹೊಸ್ತಿಲು’ ಎಂಬ ಅರ್ಥದ ಮಾತಿನಿಂದ ಬಂದದ್ದು. ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಡ. ಹೊಸ್ತಿಲ ಮೇಲೆ ನಿಲ್ಲಬಾರದು, ಕೂರಬಾರದು ಎಂದು ಅಜ್ಜಿಯ ಬಾಯಲ್ಲಿ ಕೇಳಿಯೇ ಬೆಳೆದವರು. ಮುಂಜಿ, ಲಿಂಗದೀಕ್ಷೆ, ಹುಡುಗಿ ಮೈನೆರೆದಾಗ ಮಾಡುವ ಒಸಗೆ, ಮಂಗಳೂರು ಕಡೆಯ ಕ್ರೈಸ್ತ ಮನೆಗಳ ದೃಢೀಕರಣ, ಇವಕ್ಕೆಲ್ಲ ಈ ಮೂರು ಹಂತ ಹೊಂದುತ್ತವೆ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೂ, ಕಾಲೇಜು ಸೇರಿದ ಮೇಲೆ ಪಾಸ್ ಮಾಡಿಸಿಕೊಂಡು ಒಬ್ಬರೇ ಲೋಕಲ್ ಹತ್ತುವ ಮೊದಲ ಬೆಳಿಗ್ಗೆಗೂ ಹೊಂದುತ್ತವೆ. ನಾನು ಕಪ್ಪು ಹಲಗೆಯ ಮೇಲೆ ಒಂದು ಬಾಗಿಲು ಬರೆದು ಹೊಸ್ತಿಲಿಗೆ ಬಣ್ಣ ಹಚ್ಚುತ್ತೇನೆ. ಪ್ರತಿ ಕಥೆಯಲ್ಲೂ ‘ಈಗ ಯಾರು ಹೊಸ್ತಿಲ ಮೇಲಿದ್ದಾರೆ?’ ಎಂದು ಕೇಳಿದರೆ ಮಕ್ಕಳು ತಾವಾಗಿ ಮಾತಾಡುತ್ತಾರೆ.

ಮೊದಲು: ಕರ್ವಾಲೊ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದದ್ದು. ಕಾಡು, ವಿಜ್ಞಾನ, ಹಾರುವ ಓತಿ ಎಂದು ನಾವೆಲ್ಲ ಓದಿ ಖುಷಿಪಟ್ಟ ಪುಸ್ತಕ. ಪೂರ್ವಗ್ರಹದ ಪಾಠಕ್ಕೆ ಇದನ್ನೇ ಮೊದಲು ಇಡಿ ಎಂದರೆ ಕೆಲವು ಹೆತ್ತವರು ಹುಬ್ಬೇರಿಸುತ್ತಾರೆ. ಆದರೆ ಓದುಗರನ್ನೇ ತಪ್ಪಿನಲ್ಲಿ ಪಾಲುದಾರರನ್ನಾಗಿ ಮಾಡುವ ಕೆಲಸವನ್ನು ಇದರಷ್ಟು ಹಗುರಾಗಿ ಮಾಡುವ ಇನ್ನೊಂದು ಕೃತಿ ಈ ವಯಸ್ಸಿನವರಿಗೆ ನನಗೆ ಸಿಕ್ಕಿಲ್ಲ.

ಕಥೆ ಹೇಳುವವನು ಮೂಡಿಗೆರೆ ಕಡೆಯ ಒಬ್ಬ ಕೃಷಿಕ. ಓದಿದವನು, ಸಜ್ಜನ, ನಂಬಿಕೆಗೆ ಅರ್ಹ. ಅವನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಹಳ್ಳಿ ಹುಡುಗ. ನೌಕರಿ ಇಲ್ಲದಿದ್ದರೆ ಹೆಣ್ಣು ಕೊಡುವುದಿಲ್ಲ ಎಂಬುದೇ ಮಂದಣ್ಣನ ದೊಡ್ಡ ಚಿಂತೆ. ಅಂಥವನನ್ನು ವಿಜ್ಞಾನಿ ಕರ್ವಾಲೊ ಯಾಕೆ ಹಚ್ಚಿಕೊಂಡಿದ್ದಾರೆ ಎಂದು ನಿರೂಪಕನಿಗೆ ಅರ್ಥವಾಗುವುದಿಲ್ಲ. ಕರ್ವಾಲೊ ಮಾತ್ರ ಆ ಹುಡುಗನಲ್ಲಿ ಹುಟ್ಟು ನಿಸರ್ಗತಜ್ಞನೊಬ್ಬನನ್ನು ಕಂಡಿರುತ್ತಾರೆ. ಓತಿಯ ಸುಳಿವು ಹತ್ತಿರುವುದೂ ಅವನಿಗೇ.

ನಾನು ಮಾಡುವುದು ಇಷ್ಟು. ಮಂದಣ್ಣ ಕಾಣಿಸಿಕೊಂಡ ಮೊದಲ ಕೆಲವು ಪುಟ ಮುಗಿದ ಕೂಡಲೇ ಓದು ನಿಲ್ಲಿಸಿ ಒಂದೊಂದು ಚೀಟಿ ಕೊಡುತ್ತೇನೆ. ‘ಮಂದಣ್ಣ ಎಂಥವನು? ನಿನಗೆ ಗೊತ್ತಿರುವ ಯಾರ ಹಾಗಿದ್ದಾನೆ?’ ಎರಡು ಸಾಲು, ಹೆಸರು ಹಾಕಿ, ಮಡಚಿ, ಬಿಸ್ಕತ್ತಿನ ಡಬ್ಬಿಯೊಳಗೆ. ಆರು ವಾರದ ನಂತರ ಕಾದಂಬರಿ ಮುಗಿದ ದಿನ ಅವರವರ ಚೀಟಿ ಅವರವರಿಗೆ ವಾಪಸು. ಯಾರೂ ಗಟ್ಟಿಯಾಗಿ ಓದಬೇಕಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ತನ್ನ ಚೀಟಿ ಬಿಚ್ಚಿ ನೋಡಿ ಕಿವಿ ಕೆಂಪಾಗಿ ಕುಳಿತ. ಆಮೇಲೆ ತಾನೇ ಓದಿದ: “ನಮ್ಮ ಬಿಲ್ಡಿಂಗಿನ ಕೆಳಗೆ ತರಕಾರಿ ಮಾರುವ ಭೈಯ್ಯಾ ಹಾಗೆ. ಲೆಕ್ಕ ಬರುತ್ತದೆ, ತಲೆ ಇಲ್ಲ.” ಆ ಹುಡುಗನ ಅಜ್ಜ ಎಳೆಯ ಪ್ರಾಯದಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ವಿಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಈ ಶಹರದಲ್ಲಿ 1960ರ ದಶಕದ ಕೊನೆಗೆ ದಕ್ಷಿಣದಿಂದ ಬಂದವರ ವಿರುದ್ಧ ‘ಲುಂಗಿ ಹಟಾವೊ’ ಘೋಷಣೆ ಎದ್ದಾಗ ಅಂಥ ಅಜ್ಜಂದಿರನ್ನೇ ಎಲ್ಲರೂ ‘ಮದ್ರಾಸಿ’ ಎನ್ನುತ್ತಿದ್ದರು, ಅವರ ಊರು ಯಾವುದು ಎಂದು ಕೇಳದೆ. ಇದನ್ನು ನಾನು ಹೇಳಲಿಲ್ಲ. ಪಕ್ಕದಲ್ಲಿ ಕುಳಿತ ಹುಡುಗಿ ಹೇಳಿದಳು, ತನ್ನ ಮನೆಯ ಕಥೆಯೆಂದು. ಆ ದಿನ ನಾವು ಓದಿದ್ದು ಒಂದು ಪುಟವೂ ಇಲ್ಲ, ಮಾತು ಮುಗಿದಾಗ ಒಂದೂವರೆ ಗಂಟೆ ಆಗಿತ್ತು.

ದಾಟುವಿಕೆಯೂ ಇಲ್ಲಿದೆ. ಮನೆ, ತೋಟ, ಪೇಟೆ ಬಿಟ್ಟು ಒಂದು ತಂಡ ಕಾಡಿಗೆ ಹೊರಡುತ್ತದೆ. ಅಲ್ಲಿ ಡಾಕ್ಟರೇಟು ಆದವರಿಗೂ ಹಾವು ಹಿಡಿಯುವವನಿಗೂ ಒಂದೇ ಮಳೆ, ಒಂದೇ ಗುಡಾರ. ಕೊನೆಗೆ ಓತಿ ಕೈಗೆ ಸಿಗದೆ ಗಾಳಿಯಲ್ಲಿ ತೇಲಿ ಕಣ್ಮರೆಯಾಗುತ್ತದೆ. ಬರಿಗೈಲಿ ಮರಳುವವರು ಹೋದವರಂತೆಯೇ ಇದ್ದಾರಾ ಎಂದು ಕೇಳಿ ನೋಡಿ.

ಇದರ ಕೊರತೆಯನ್ನೂ ಹೇಳಬೇಕು. ಹೆಣ್ಣುಮಕ್ಕಳಿಗೆ ಈ ಕಾದಂಬರಿಯಲ್ಲಿ ಜಾಗ ತೀರ ಕಡಿಮೆ. ಮೇಲಿನ ಕೋಣೆಯಲ್ಲಿ ಕುಳಿತಿದ್ದ ಹುಡುಗಿಯ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಅವಳು ಅದನ್ನು ನನಗೆ ನೇರವಾಗಿಯೇ ಹೇಳಿದಳು.

ಆಮೇಲೆ: ಘಟಶ್ರಾದ್ಧ

ಯು. ಆರ್. ಅನಂತಮೂರ್ತಿಯವರ ಈ ಕಥೆ ಉದ್ದದಲ್ಲಿ ಸಣ್ಣದು. ಎರಡು ಭಾನುವಾರ ಸಾಕು. ತೂಕದಲ್ಲಿ ಮಾತ್ರ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರ.

ವೇದ ಕಲಿಯಲು ಬಂದ ಒಬ್ಬ ಪುಟ್ಟ ಹುಡುಗ ಉಡುಪರ ಮನೆಯಲ್ಲಿದ್ದಾನೆ. ದೊಡ್ಡ ಹುಡುಗರ ಕಾಟ, ಮನೆಯ ನೆನಪು. ಅವನಿಗೆ ಅಲ್ಲಿ ತಾಯಿಯಂತೆ ಇರುವವಳು ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸುರಿಯಾಗುತ್ತಾಳೆ. ಅಗ್ರಹಾರ ಅವಳನ್ನು ಬಹಿಷ್ಕರಿಸುತ್ತದೆ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ.

ವಾನ್ ಗೆನೆಪ್‌ನ ಮೂರು ಹಂತ ಗೊತ್ತಿರುವ ಮಕ್ಕಳಿಗೆ ಇಲ್ಲಿ ಒಂದು ಭಯಂಕರ ಸಂಗತಿ ತಾನಾಗಿ ಕಾಣುತ್ತದೆ. ಮುಂಜಿಯಲ್ಲಿ ಹುಡುಗನನ್ನು ಅಮ್ಮನ ಮಡಿಲಿನಿಂದ ಬಿಡಿಸಿ, ಹೊಸ್ತಿಲ ಮೇಲೆ ನಿಲ್ಲಿಸಿ, ಗುರುವಿನ ಮನೆಗೆ ಸೇರಿಸುತ್ತಾರೆ. ಘಟಶ್ರಾದ್ಧದಲ್ಲಿ ಬೇರ್ಪಡಿಸುವುದು ಇದೆ, ಸೇರಿಸಿಕೊಳ್ಳುವುದು ಇಲ್ಲ. ಅದೇ ಮಂತ್ರ, ಅದೇ ನೀರು, ಅದೇ ಪುರೋಹಿತರು. ಒಬ್ಬರನ್ನು ಒಳಗೆ ತರುವ ವಿಧಿಯೂ ಇನ್ನೊಬ್ಬರನ್ನು ಹೊರಗೆ ಹಾಕುವ ವಿಧಿಯೂ ಒಂದೇ ಭಾಷೆಯಲ್ಲಿ ನಡೆಯುತ್ತವೆ. ಆ ಡೊಂಬಿವಿಲಿಯ ಹುಡುಗಿ ಕೇಳಿದ್ದೂ ಇದನ್ನೇ.

ಪೂರ್ವಗ್ರಹ ಇಲ್ಲಿ ಒಬ್ಬ ಕೆಟ್ಟ ಮನುಷ್ಯನದಲ್ಲ. ಇಡೀ ಊರು ಸೇರಿ ಮಾಡುವ ಕೆಲಸ ಅದು, ಪ್ರತಿಯೊಬ್ಬರೂ ತಾವು ಸರಿ ಎಂದು ನಂಬಿ ಮಾಡುವಂಥದ್ದು. ಎಲ್ಲವನ್ನೂ ನೋಡುವ ಹುಡುಗನಿಗೆ ಏನೂ ಮಾಡಲಾಗುವುದಿಲ್ಲ. ಹದಿನಾಲ್ಕರ ಮಕ್ಕಳಿಗೆ ಈ ‘ಏನೂ ಮಾಡಲಾಗದಿರುವುದು’ ಚೆನ್ನಾಗಿ ಗೊತ್ತು. ಕ್ಲಾಸಿನಲ್ಲಿ ಒಬ್ಬಳನ್ನು ಎಲ್ಲರೂ ವಾಟ್ಸಾಪ್ ಗುಂಪಿನಿಂದ ತೆಗೆದಾಗ ಸುಮ್ಮನೆ ನೋಡಿದ್ದು ಅವರಿಗೆ ನೆನಪಿರುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಮೊದಲ ವರ್ಷ ನಾನು ಇದರಿಂದಲೇ ಆರಂಭಿಸಿದ್ದೆ. ಗರ್ಭಪಾತದ ಪ್ರಸಂಗ ಬರುತ್ತದೆ ಎಂದು ಹೆತ್ತವರಿಗೂ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿರಲಿಲ್ಲ. ನಡುವೆ ಒಬ್ಬಳು ಎದ್ದು ಹೊರಗೆ ಹೋದಳು, ಮೂರು ವಾರ ಬರಲಿಲ್ಲ. ಉಳಿದವರು ‘ಆಗಿನ ಕಾಲದವರು ಹಾಗೇ, ಎಷ್ಟು ಕ್ರೂರಿಗಳು’ ಎಂದು ಬರೆದುಕೊಟ್ಟರು. ಆಗಿನವರು, ಹಳ್ಳಿಯವರು, ಬ್ರಾಹ್ಮಣರು, ಎಲ್ಲರೂ ತಪ್ಪಿತಸ್ಥರು, ತಾವೊಬ್ಬರನ್ನು ಬಿಟ್ಟು. ಕರ್ವಾಲೊದ ಚೀಟಿ ಕೈಗೆ ಬಂದವರು ಹೀಗೆ ಬರೆಯುವುದಿಲ್ಲ. ಈ ಕ್ರಮ ನನಗೆ ಹೊಳೆದದ್ದು ಆ ವರ್ಷದ ಸೋಲಿನಿಂದ.

ಈಗ ಓದುವ ಮುಂಚೆ ಮನೆಗೆ ಒಂದು ಸಂದೇಶ ಹೋಗುತ್ತದೆ. ಕಥೆಯಲ್ಲಿ ಏನು ಬರುತ್ತದೆ ಎಂದು ಮಕ್ಕಳಿಗೂ ಮೊದಲೇ ಹೇಳುತ್ತೇನೆ. ಯಾರು ಬೇಕಾದರೂ ಎದ್ದು ಹೋಗಬಹುದು, ಕಾರಣ ಕೇಳುವುದಿಲ್ಲ.

ಸಿನಿಮಾ ತೋರಿಸಿದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ಅದು, 1977ರದ್ದು, ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಗೆದ್ದದ್ದು. ಅದರ ಹಳೆಯ ಪ್ರತಿಯನ್ನು ಸರಿಪಡಿಸುವ ಕೆಲಸದಲ್ಲಿ ನಮ್ಮ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಜೋಡಿಸಿತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ತೆರೆಕಂಡಿತು. ತೋರಿಸಿ, ಖಂಡಿತ ತೋರಿಸಿ. ಆದರೆ ಓದಿದ ಮೇಲೆ. ತಲೆ ಬೋಳಿಸಿಕೊಂಡ ಯಮುನೆಯ ಚಿತ್ರ ಮೊದಲೇ ಕಣ್ಣಲ್ಲಿ ಕುಳಿತರೆ, ಕಥೆಯೊಳಗಿನ ಹುಡುಗನ ಗೊಂದಲಕ್ಕೆ ಜಾಗ ಉಳಿಯುವುದಿಲ್ಲ.

ಏಪ್ರಿಲ್‌ನಲ್ಲಿ ಫೋನ್ ಮಾಡಿದ ತಾಯಿಗೆ ನಾನು ಕೊಟ್ಟ ಸಲಹೆ: ಮುಂಜಿಗೆ ಮುಂಚೆ ಘಟಶ್ರಾದ್ಧ ಬೇಡ. ತನ್ನ ಮನೆಯ ಸಂಭ್ರಮವನ್ನು ಅನುಮಾನದಿಂದ ನೋಡುವ ಭಾರವನ್ನು ಆ ಹುಡುಗನ ಮೇಲೆ ಹೇರಬಾರದು. ಈಗ ಕರ್ವಾಲೊ ಓದಲಿ, ಮುಂಜಿಯಾಗಲಿ, ದೀಪಾವಳಿ ಕಳೆದ ಮೇಲೆ ಇದನ್ನು ಓದೋಣ. ಆಗ ಅವನಿಗೂ ಒಂದು ಹೊಸ್ತಿಲು ದಾಟಿದ ನೆನಪು ಇರುತ್ತದೆ, ಹೋಲಿಸಿ ನೋಡಬಲ್ಲ.

ಸಮಯ ಕಡಿಮೆಯಿದ್ದರೆ: ಕಾಯ್ಕಿಣಿಯವರ ಮುಂಬಯಿ ಕಥೆಗಳು

ಕನ್ನಡ ತಡವರಿಸಿ ಓದುವ ಮಕ್ಕಳಿಗೆ ಜಯಂತ ಕಾಯ್ಕಿಣಿಯವರ ಕಥೆಗಳು ಬಾಗಿಲು ತೆರೆಯುತ್ತವೆ. ಹೆಸರುಗಳು, ಬೀದಿಗಳು, ಚಾಳು, ಲೋಕಲ್ ಎಲ್ಲ ಅವರದೇ. ‘ದಗಡೂ ಪರಬನ ಅಶ್ವಮೇಧ’ದಲ್ಲಿ ಮದುಮಗನನ್ನು ಹೊತ್ತ ಕುದುರೆ ದಿಬ್ಬಣ ಬಿಟ್ಟು ಓಟ ಕೀಳುತ್ತದೆ. ಮದುಮಗ ಹೊಸ್ತಿಲ ಮೇಲೆಯೇ ಸಿಕ್ಕಿಕೊಂಡದ್ದಕ್ಕೆ ಇದಕ್ಕಿಂತ ಚಂದದ ಉದಾಹರಣೆ ಹುಡುಕಬೇಕಿಲ್ಲ. ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಒಂದು ಜೋಡಿ ತಮ್ಮ ಮದುವೆಯ ಕರೆಯೋಲೆಯ ಒಕ್ಕಣೆ ಹೊಂದಿಸಲು ಕೂರುತ್ತದೆ.

ಈ ಎರಡನೆಯ ಕಥೆ ಮುಗಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯಲ್ಲಿರುವ ಯಾವುದಾದರೂ ಹಳೆಯ ಆಮಂತ್ರಣ ಪತ್ರಿಕೆ ತರಲಿ. ಯಾರ ಹೆಸರು ಮೊದಲು? ಯಾರಿಗೆ ಪದವಿ, ಯಾರಿಗೆ ಬರೀ ‘ಸೌ.’? ತೀರಿಹೋದ ಅಜ್ಜನ ಹೆಸರು ಇದ್ದು ಬದುಕಿರುವ ಯಾರ ಹೆಸರು ಬಿಟ್ಟುಹೋಗಿದೆ? ಮುಂಬಯಿಯಲ್ಲಿ ಹೆಸರು ಹೇಳಿದ ಮರುಕ್ಷಣ ‘ಸರ್‌ನೇಮ್?’ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆ ಏನನ್ನು ತಿಳಿಯಲು ಎಂಬ ಚರ್ಚೆ ತಾನಾಗಿ ಬರುತ್ತದೆ. ಆಮೇಲೆ ತಮ್ಮದೇ ಒಂದು ಕರೆಯೋಲೆ ಬರೆಯಲಿ.

ಡೊಂಬಿವಿಲಿಯ ಹುಡುಗಿ ತಮ್ಮನ ಮುಂಜಿಯ ಪತ್ರಿಕೆಯನ್ನೇ ತಂದಿದ್ದಳು. ಅದರ ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದಳು: ಅದೇ ತಾರೀಖು, ಅದೇ ಮುಹೂರ್ತ. ಸ್ಥಳ: ಮೇಲಿನ ಕೋಣೆ. ತಮ್ಮ ಆಗಮನಾಭಿಲಾಷಿ ಎಂಬಲ್ಲಿ ತನ್ನೊಬ್ಬಳ ಹೆಸರು.

ಪೂರ್ವಗ್ರಹದ ಪಾಠಕ್ಕೆ ಈ ಕಥೆಗಳು ಸ್ವಲ್ಪ ಮೃದು. ಎಲ್ಲರನ್ನೂ ಅಕ್ಕರೆಯಿಂದ ಕಾಣುವ ಕಥೆಗಾರನ ಜೊತೆ ಓದುಗ ತಪ್ಪು ಮಾಡುವ ಅವಕಾಶ ಕಡಿಮೆ. ಆದ್ದರಿಂದ ಒಂದೇ ತಿಂಗಳಿದ್ದರೆ ಇವು ಸಾಕು, ಇಡೀ ವರ್ಷವಿದ್ದರೆ ಕರ್ವಾಲೊ ಬಿಡಬೇಡಿ.

ಊರು ಕೇರಿ: ಎಚ್ಚರದಿಂದ

ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯಲ್ಲಿ ನೊಗಕ್ಕೆ ಎತ್ತಿನ ಬದಲು ಮನುಷ್ಯರನ್ನು ಹೂಡಿದ್ದನ್ನು ಒಬ್ಬ ಹುಡುಗ ನೋಡುತ್ತಾನೆ. ಅವರಲ್ಲಿ ಒಬ್ಬರು ಅವನ ಅಪ್ಪ. ಹಳ್ಳಿಯಿಂದ ಶಹರಕ್ಕೆ, ಕೇರಿಯಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ವೇದಿಕೆಗೆ ದಾಟುವ ಈ ಪುಸ್ತಕ ಹದಿನೈದು ದಾಟಿದವರಿಗೆ ಬಲು ಹತ್ತಿರವಾಗುತ್ತದೆ, ಮುಖ್ಯವಾಗಿ ಅದರಲ್ಲಿ ತುಂಬಿರುವ ನಗೆಯಿಂದ.

ತಪ್ಪುವುದು ಪುಸ್ತಕವಲ್ಲ, ಪಾಠ ಮಾಡುವ ನಾವು. ‘ಓದಿ ಏನನ್ನಿಸಿತು?’ ಎಂದು ಕೇಳಿದರೆ ಮಕ್ಕಳು ‘ಪಾಪ’ ಎನ್ನುತ್ತಾರೆ. ‘ಪಾಪ’ ಅಂದ ಕೂಡಲೇ ಅವರು ಮೇಲಿನ ಮೆಟ್ಟಿಲು ಹತ್ತಿ ನಿಂತ ಹಾಗೆ. ಅದರ ಬದಲು ‘ಯಾವ ಪುಟದಲ್ಲಿ ನಕ್ಕೆ? ಯಾರ ಜೊತೆ ನಕ್ಕೆ?’ ಎಂದು ಕೇಳಿ. ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ: ನಿಮ್ಮ ಮುಂದೆ ಕುಳಿತವರಲ್ಲಿ ಯಾರ ಮನೆ ಯಾವ ಕೇರಿಯದು ಎಂದು ನಿಮಗೆ ಗೊತ್ತಿರುವುದಿಲ್ಲ, ಗೊತ್ತಿರಲೂಬೇಕಿಲ್ಲ. ಯಾವ ಮಗುವಿನ ಕಡೆಗೂ ತಿರುಗಿ ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಬೇಡಿ. ದಲಿತ ಮನೆಯ ಮಗುವನ್ನು ಇಡೀ ಸಮುದಾಯದ ಪರವಾಗಿ ಸಾಕ್ಷಿ ಹೇಳಲು ನಿಲ್ಲಿಸಿದರೆ ನಾವೇ ಪಾಠದ ವಿರುದ್ಧ ನಡೆದಂತೆ. ಆ ಮಗು ತಾನಾಗಿ ಮಾತಾಡಿದರೆ ಕೇಳಿಸಿಕೊಳ್ಳಿ.

ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇನ್ನೂ ಮೊನಚು. ಅದನ್ನು ನಾನು ಹನ್ನೊಂದನೆಯ ತರಗತಿಗೆ ಮುಂಚೆ ಕೊಡುವುದಿಲ್ಲ.

ಇಂಗ್ಲಿಷ್, ಮರಾಠಿ

ಇಂಗ್ಲಿಷ್ ಮೀಡಿಯಂ ಮಕ್ಕಳು ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಗ್ಗೆ ಕೇಳಿರುತ್ತಾರೆ, ಕೆಲವರು ಓದಿರುತ್ತಾರೆ. 1960ರ ಕಾದಂಬರಿ, ಅಮೆರಿಕದ ಅಲಬಾಮಾದ ಸಣ್ಣ ಊರು. ತಪ್ಪೇ ಮಾಡದ ಕಪ್ಪು ಮನುಷ್ಯನೊಬ್ಬನ ಪರ ವಾದಿಸುವ ವಕೀಲ, ಅದನ್ನು ನೋಡುತ್ತ ಬೆಳೆಯುವ ಅವನ ಮಕ್ಕಳು. ಒಳ್ಳೆಯ ಪುಸ್ತಕ. ಆದರೆ ಓದಿದ ಮಕ್ಕಳೆಲ್ಲ ಮನಸ್ಸಿನಲ್ಲಿ ಆ ವಕೀಲನಾಗುತ್ತಾರೆ, ತೀರ್ಪು ಕೊಟ್ಟ ಪಂಚರಲ್ಲಿ ಒಬ್ಬರಾಗುವುದಿಲ್ಲ. ಅನ್ಯಾಯ ದೂರದ ದೇಶದ್ದು, ಬಣ್ಣದ್ದು. ಮನೆಯಲ್ಲಿ ಕೆಲಸದವರಿಗೆ ಬೇರೆ ಲೋಟ ಇಟ್ಟಿರುವುದು ಅವರಿಗೆ ನೆನಪಾಗುವುದಿಲ್ಲ. ಓದಿಸುವುದಾದರೆ ನ್ಯಾಯಾಲಯದ ಭಾಗಕ್ಕಿಂತ ಮನೆಯಿಂದ ಹೊರಬಾರದ ನೆರೆಯವನ ಬಗ್ಗೆ ಮಕ್ಕಳು ತಾವೇ ಕಥೆ ಕಟ್ಟಿ ಹೆದರುವ ಭಾಗದ ಮೇಲೆ ಹೆಚ್ಚು ಹೊತ್ತು ನಿಲ್ಲಿ.

ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ನಂತರ ಶಾಲೆಗಳಲ್ಲೆಲ್ಲ ಮರಾಠಿ ಕಡ್ಡಾಯ. ಎಷ್ಟೋ ಮಕ್ಕಳಿಗೆ ಕನ್ನಡಕ್ಕಿಂತ ಅದನ್ನು ಓದುವುದು ಸಲೀಸು. ಅಂಥವರಿಗೆ ಪ್ರಕಾಶ ನಾರಾಯಣ ಸಂತರ ಲಂಪನ್ ಕಥೆಗಳು, ‘ವನವಾಸ’ದಿಂದ ಶುರು ಮಾಡಿ. ಅಪ್ಪ ಅಮ್ಮನಿಂದ ದೂರ, ಅಜ್ಜ ಅಜ್ಜಿಯ ಮನೆಯಲ್ಲಿ, ಬೆಳಗಾವಿ ಸೀಮೆಯಲ್ಲಿ ಬೆಳೆಯುವ ಹುಡುಗ. ಮರಾಠಿಯ ನಡುವೆ ಕನ್ನಡದ ಮಾತು ಇಣುಕಿದಾಗ ನಮ್ಮ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಬೆಳೆಯುವ ನೋವಿಗೆ ಇದು ಸರಿ, ಪೂರ್ವಗ್ರಹಕ್ಕೆ ಬೇರೆಯದೇ ಬೇಕು.

ಯಶವಂತ ಚಿತ್ತಾಲರ ‘ಶಿಕಾರಿ’ ನಮ್ಮ ಶಹರದ ಮಹತ್ವದ ಕನ್ನಡ ಕಾದಂಬರಿ. ಕಾಲೇಜಿಗೆ ಹೋಗುವವರೆಗೆ ಕಪಾಟಿನಲ್ಲಿರಲಿ.

ಆರಿಸುವಾಗ

ನಿಮ್ಮ ಬಳಿ ಇಡೀ ವರ್ಷವಿದ್ದರೆ ಜೂನ್‌ನಲ್ಲಿ ಕರ್ವಾಲೊ, ಗಣಪತಿ ಹಬ್ಬದ ನಂತರ ಕಾಯ್ಕಿಣಿ, ದೀಪಾವಳಿ ಕಳೆದು ಘಟಶ್ರಾದ್ಧ, ದೊಡ್ಡವರಿಗೆ ಜನವರಿಯಲ್ಲಿ ಊರು ಕೇರಿ. ನಾಲ್ಕೇ ಭಾನುವಾರವೆಂದರೆ ಕಾಯ್ಕಿಣಿಯವರ ಎರಡು ಕಥೆ, ಕರೆಯೋಲೆಯ ಕೆಲಸ, ಅಷ್ಟೇ. ಬೋರ್ಡ್ ಪರೀಕ್ಷೆಯ ವರ್ಷದ ಮಕ್ಕಳಿಗೆ ಕಾದಂಬರಿ ಹೊರಿಸಬೇಡಿ.

ಕನ್ನಡ ಅಕ್ಷರ ಓದಲು ಕಷ್ಟಪಡುವವರಿಗೆ ನೀವೇ ಗಟ್ಟಿಯಾಗಿ ಓದಿ. ಒಂದು ಸಲಕ್ಕೆ ನಲವತ್ತು ನಿಮಿಷ ಮೀರದಿರಲಿ. ಕುಮಟೆಯಲ್ಲಿರುವ ಒಬ್ಬ ಅಜ್ಜಿ ಮೊಮ್ಮಗನಿಗಾಗಿ ಕರ್ವಾಲೊದ ಅಧ್ಯಾಯಗಳನ್ನು ವಾಟ್ಸಾಪಿನಲ್ಲಿ ಓದಿ ಕಳಿಸುತ್ತಿದ್ದರು. ನಡುನಡುವೆ ‘ಇದು ನಮ್ಮ ಕಡೆಗೂ ಉಂಟು ಮಾಣಿ’ ಎಂದು ತಮ್ಮ ಮಾತೂ ಸೇರಿಸಿ. ಅದನ್ನು ಕೇಳಲು ಉಳಿದ ಮಕ್ಕಳೂ ಜಗಳವಾಡುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥ ದನಿ ಇದ್ದರೆ ಬಳಸಿಕೊಳ್ಳಿ.

ಚೀಟಿಗಳ ಡಬ್ಬಿ ಬಿಗಿ ಮುಚ್ಚಳದ್ದೇ ಆಗಿರಲಿ, ನಿಮ್ಮ ಬಳಿಯೇ ಇರಲಿ. ನಾಲ್ಕನೇ ವಾರದ ಹೊತ್ತಿಗೆ ಮಂದಣ್ಣನ ಬಗ್ಗೆ ಅಭಿಪ್ರಾಯ ಬದಲಾಗತೊಡಗುತ್ತದೆ. ಆಗ ಒಬ್ಬರಲ್ಲ ಒಬ್ಬರು ಬಂದು ‘ನನ್ನ ಚೀಟಿ ಒಂದು ನಿಮಿಷ ಕೊಡಿ ಟೀಚರ್, ಸ್ವಲ್ಪ ತಿದ್ದಬೇಕು’ ಎಂದು ಕೇಳುತ್ತಾರೆ. ಕೊಡಬೇಡಿ.